ಯಾರ ಕಾಲದ ಲೋಗೋ ಹಳೇದು?

ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿಯ ಥೀಮ್ ಪಾರ್ಕ್ ಎಪ್ಕಾಟ್‌ನ ಲೋಗೋ ಬಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತು ಇದು. ಹೆಸರುಗಳ ಬದಲು ನನ್ನ ಫೋನಿನಲ್ಲಿ ಸೇವ್ ಆಗಿರುವ ಹಾಗೆ ಸಂಬಂಧಗಳನ್ನೇ ಬಿಟ್ಟಿದ್ದೇನೆ.

ಚಿಕ್ಕಪ್ಪ: [ಫಾರ್ವರ್ಡ್ ಆದ ಚಿತ್ರ. ಎಡಕ್ಕೆ 1982ರ ಎಪ್ಕಾಟ್ ಸೆಂಟರ್ ಲೋಗೋ, ಬಲಕ್ಕೆ 2019ರ ಎಪ್ಕಾಟ್ ಲೋಗೋ. ಕೆಳಗೆ ‘ಹಳೆಯದನ್ನು ಕೊಂದವರು ಯಾರು?’ ಎಂಬ ಸಾಲು.]

ಚಿಕ್ಕಪ್ಪ: ಎರಡನ್ನೂ ನೋಡಿ ಹೇಳಿ. ಎಡಗಡೆಯದರಲ್ಲಿ ಜೀವ ಇದೆ. ಬಲಗಡೆ ಬರೀ ಐದು ಅಕ್ಷರ. ಇದಕ್ಕೆ ಡಿಸೈನರ್ ಯಾಕೆ ಬೇಕಿತ್ತು?

ತಮ್ಮ: ಚಿಕ್ಕಪ್ಪ, ಎಡಗಡೆಯದು ಯಾವುದೋ ಇಲಾಖೆಯ ಮುದ್ರೆ ಥರ ಕಾಣುತ್ತೆ. ಅದು ಥೀಮ್ ಪಾರ್ಕ್ ಅಂತ ಯಾರಿಗೆ ಗೊತ್ತಾಗುತ್ತೆ?

ಚಿಕ್ಕಪ್ಪ: ಲೋ, ಸ್ವಲ್ಪ ನಿಧಾನವಾಗಿ ನೋಡು. ಐದು ಬಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಡುವೆ ಭೂಮಿ. ನಾನು 1986ರಲ್ಲಿ ಕಂಪನಿ ಕೆಲಸದ ಮೇಲೆ ಫ್ಲೋರಿಡಾಗೆ ಹೋದಾಗ ಅಲ್ಲಿ ‘ದಿ ಲಿವಿಂಗ್ ಸೀಸ್’ ಹೊಸದಾಗಿ ತೆರೆದಿತ್ತು. ಒಂದೊಂದು ಪೆವಿಲಿಯನ್ನಿಗೂ, ಅಂದರೆ ಒಂದೊಂದು ವಿಷಯದ ಪ್ರದರ್ಶನ ಕಟ್ಟಡಕ್ಕೂ, ಒಂದೊಂದು ದುಂಡು ಗುರುತು. ಸಮುದ್ರದ್ದಕ್ಕೆ ಅಲೆ. ದೂರದಿಂದಲೇ ಒಳಗೆ ಏನಿದೆ ಅಂತ ತಿಳಿಯುತ್ತಿತ್ತು.

ಅಕ್ಕ: ಚಿಕ್ಕಪ್ಪ, ನಾವು 2003ರಲ್ಲಿ ಹೋದಾಗ ಬಾಗಿಲ ಹತ್ತಿರದ ಆ ದೊಡ್ಡ ಗೋಳದ ಆಕಾರದ ಕಟ್ಟಡದ ಪಕ್ಕದಲ್ಲಿ ಮಿಕ್ಕಿ ಮೌಸ್‌ನ ಕೈ, ಅದರಲ್ಲಿ ಜಾದೂ ಕೋಲು ಇತ್ತು. ನಮ್ಮ ಪಾಲಿಗೆ ಎಪ್ಕಾಟ್ ಅಂದರೆ ಅದೇ. ರೀ, ಆ ಫೋಟೋ ಹಾಕಿ.

ಭಾವ: [ಫೋಟೋ]

ಚಿಕ್ಕಪ್ಪ: ಅಯ್ಯೋ, ಇದು ಬೇಡ ಮಗಳೇ. ಅಷ್ಟು ಚೆಂದದ ಗೋಳದ ನೆತ್ತಿಯ ಮೇಲೆ ಇದನ್ನು ಯಾಕೆ ನಿಲ್ಲಿಸಿದರೋ.

ಅಕ್ಕ: ನಿಮಗೆ ನಿಮ್ಮ ಬಳೆ ಇಷ್ಟ, ನಮಗೆ ನಮ್ಮ ಕೋಲು ಇಷ್ಟ. ನಿಮ್ಮದು ನೆನಪು, ನಮ್ಮದು ನೆನಪಲ್ವಾ?

ತಮ್ಮ: ಸರಿಯಾಗಿ ಕೇಳಿದೆ ಅಕ್ಕಾ.

ನಾನು: ನಾನು ದಿನಾ ಮಾಡುವ ಕೆಲಸವೇ ಲೋಗೋ, ಬೋರ್ಡು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದು, ಈ ಚಿತ್ರವೇ ಸರಿಯಿಲ್ಲ. ಎಡಗಡೆ ಹಾಕಿರುವುದು ಗುರುತು, ಬಲಗಡೆ ಹಾಕಿರುವುದು ಬರೀ ಹೆಸರು. ಎರಡೂ ಬೇರೆ ಬೇರೆ ಕೆಲಸ ಮಾಡುವ ವಸ್ತುಗಳು. 2019ರಲ್ಲಿ ಹೆಸರಿನ ಜೊತೆಗೆ ಪೆವಿಲಿಯನ್‌ಗಳ ದುಂಡು ಗುರುತುಗಳನ್ನೂ ಹೊಸದಾಗಿ ಬರೆಸಿ ಹೊರಗೆ ತಂದರು. ಅವನ್ನು ಈ ಚಿತ್ರ ಮಾಡಿದವರು ಬಿಟ್ಟಿದ್ದಾರೆ. ಬಲಗಡೆಯ ಅಕ್ಷರಗಳನ್ನೂ ಗಮನಿಸಿ ಚಿಕ್ಕಪ್ಪ. ಅವು 1982ರ ಅಕ್ಷರಗಳ ದಾರಿಯಲ್ಲೇ ಇವೆ.

ಎರಡನೆಯದು, ನಡುವಿನ 37 ವರ್ಷ ಇದರಲ್ಲಿ ಕಾಣೆಯಾಗಿದೆ. 1994ರಲ್ಲಿ ‘ಸೆಂಟರ್’ ತೆಗೆದು ‘ಎಪ್ಕಾಟ್ ’94’ ಅಂತ ಮಾಡಿದರು. ಮುಂದಿನ ವರ್ಷ ‘’95’. ಹೆಸರಿನಲ್ಲೇ ಇಸವಿ! ಅದು ಬೇಡ ಅನ್ನಿಸಿ 1996ಕ್ಕೆ ಕೈಬಿಟ್ಟರು. 1999ರಲ್ಲಿ ಹೊಸ ಸಹಸ್ರಮಾನ ಅಂತ ಆ ಕೋಲು ಬಂತು, ಪಕ್ಕದಲ್ಲಿ ‘2000’ ಅನ್ನುವ ಅಂಕಿ. 2001ರಲ್ಲಿ ಅಂಕಿ ಇಳಿಸಿ ಅಲ್ಲಿ ‘ಎಪ್ಕಾಟ್’ ಅಂತ ಬರೆದರು. ಅಕ್ಕಾ, ನಿಮ್ಮ ಫೋಟೋದಲ್ಲಿ ಇರುವುದು ಅದು. 2007ರಲ್ಲಿ ಪಾರ್ಕಿಗೆ 25 ತುಂಬುವ ಹೊತ್ತಿಗೆ ಇಡೀ ಕೋಲನ್ನೇ ಇಳಿಸಿದರು.

ಭಾವ: ಅಂದರೆ ಎಲ್ಲಕ್ಕಿಂತ ಹೊಸದಾಗಿ ಕಾಣಬೇಕು ಅಂತ ಮಾಡಿದ್ದೇ ಎಲ್ಲಕ್ಕಿಂತ ಬೇಗ ಹಳೇದಾಯಿತು.

ನಾನು: ಹೌದು ಭಾವ. ’94 ಅನ್ನುವುದು ’96ಕ್ಕೆ ಹಳಸಿತು. 1982ರ ಬಳೆಗಳಲ್ಲಿ ಯಾವ ಇಸವಿಯೂ ಇಲ್ಲ, ಆ ಕಾಲದ ಯಾವ ಫ್ಯಾಷನ್ನೂ ಜಾಸ್ತಿ ಇಲ್ಲ. ವೃತ್ತ, ಗೆರೆ, ಭೂಮಿ. ಅಷ್ಟೇ.

ಚಿಕ್ಕಪ್ಪ: ನಾನೂ ಅದನ್ನೇ ಹೇಳಿದ್ದು!

ನಾನು: ಇಲ್ಲ ಚಿಕ್ಕಪ್ಪ, ನೀವು ಹೇಳಿದ್ದು ಹಳೇದು ಅಂತ ಚೆನ್ನಾಗಿದೆ ಅಂತ. ನಾನು ಹೇಳುವುದು ಕೆಲಸ ಮಾಡುತ್ತಿತ್ತು, ಅದಕ್ಕೆ ಚೆನ್ನಾಗಿತ್ತು ಅಂತ.

ತಮ್ಮ: ಈಗ ಮಾಡಲ್ಲ ಅಲ್ವಾ? ಟಿಕೆಟ್ಟು, ಮ್ಯಾಪು, ಕ್ಯೂ ಎಲ್ಲ ಫೋನಿನಲ್ಲಿ. ಆ ಬಳೆಗಳು ಫೋನಿನಲ್ಲಿ ಕಾಣುತ್ತವಾ?

ನಾನು: ಒಳ್ಳೆ ಪ್ರಶ್ನೆ ಕೇಳಿದೆ. ಈಗಷ್ಟೇ ಮಾಡಿ ನೋಡಿದೆ.

ನಾನು: [ಚಿತ್ರ. ಒಂದೇ ಗುರುತು ನಾಲ್ಕು ಅಳತೆಯಲ್ಲಿ.]

ನಾನು: ಬ್ರೌಸರ್ ಟ್ಯಾಬಿನಲ್ಲಿ ಕಾಣುವ ಪುಟ್ಟ ಗುರುತು ಬರೀ 16 ಪಿಕ್ಸೆಲ್ ಅಗಲ. ಅಷ್ಟರಲ್ಲಿ ಐದು ಬಳೆ, ಅವುಗಳ ನಡುವಿನ ಸಂದು, ಒಳಗೆ ಭೂಮಿ, ಅದರ ಮೇಲಿನ ಗೆರೆ, ಎಲ್ಲ ಹಿಡಿಸಬೇಕು. ಒಂದು ಸಂದಿಗೆ ಒಂದು ಪಿಕ್ಸೆಲ್ಲೂ ಸಿಗಲ್ಲ. ಕೊನೆಯ ಚಿತ್ರ ನೋಡಿ, ಬೂದು ಬಣ್ಣದ ಮುದ್ದೆ ಆಗಿದೆ. ಟೋಪಿಯ ಮೇಲೆ ಕಸೂತಿ ಹಾಕಿಸಿದರೂ ಇದೇ ಕಥೆ. ದಾರಕ್ಕೆ ದಪ್ಪ ಇರುತ್ತೆ, ಸಣ್ಣ ಸಂದೆಲ್ಲ ಮುಚ್ಚಿಹೋಗುತ್ತೆ. ಈಗಿನವರು ನೆರಳು ತೆಗೆದು, ಗೆರೆ ಕಮ್ಮಿ ಮಾಡಿ ಚಪ್ಪಟೆ ಮಾಡುವುದು ಸೋಮಾರಿತನದಿಂದ ಅಲ್ಲ ಚಿಕ್ಕಪ್ಪ. ಈ ತೊಂದರೆ ನಿಜವಾದದ್ದು.

ಚಿಕ್ಕಪ್ಪ: ಹಾಗಂತ ಗುರುತನ್ನೇ ಎಸೆಯಬೇಕಾ? ಚಿಕ್ಕದಕ್ಕೆ ಬೇರೆ ಬರೆದರಾಯಿತು. ದೊಡ್ಡದಕ್ಕೆ ಪೂರ್ತಿ, ಚಿಕ್ಕದಕ್ಕೆ ಗೆರೆ ಕಮ್ಮಿ ಮಾಡಿ ಇನ್ನೊಂದು.

ನಾನು: ಇದು ಸರಿಯಾದ ಮಾತು. ಒಳ್ಳೆ ಸ್ಟುಡಿಯೋಗಳು ಹಾಗೇ ಮಾಡುತ್ತವೆ. ಒಂದೇ ಲೋಗೋಗೆ ಎರಡು ಮೂರು ಅಳತೆಯ ಬೇರೆ ಬೇರೆ ಡ್ರಾಯಿಂಗ್. ಚಿಕ್ಕದರಲ್ಲಿ ಒಳಗಿನ ಭೂಮಿಯ ಗೆರೆ ಬಿಟ್ಟು, ಬಳೆ ದಪ್ಪ ಮಾಡಿ, ಸಂದು ಅಗಲ ಮಾಡಬಹುದು. ಎಸೆಯುವ ಅಗತ್ಯ ಇಲ್ಲ.

ತಮ್ಮ: ಸರಿ, ಗುರುತು ಉಳಿಸಿಕೊಳ್ಳಲಿ. ಆದರೆ ಪ್ರತಿಯೊಂದಕ್ಕೂ ‘ಮೊದಲಿನ ಹಾಗೇ ಇರಲಿ’ ಅಂದರೆ ಹೇಗೆ? ಕೆಲವು ಹಳೇದು ಹೋಗಲೇಬೇಕು.

ಭಾವ: ಸಿಕ್ಸ್ ಫ್ಲ್ಯಾಗ್ಸ್ ಅನ್ನುವ ಇನ್ನೊಂದು ಥೀಮ್ ಪಾರ್ಕ್ ಕಂಪನಿ ನೋಡಿ. 1961ರಲ್ಲಿ ಟೆಕ್ಸಸ್‌ನಲ್ಲಿ ಶುರುವಾದದ್ದು. ಟೆಕ್ಸಸ್ ಮೇಲೆ ಹಾರಿದ ಆರು ಬಾವುಟಗಳು ಅಂತ ಆ ಹೆಸರು. ಸ್ಪೇನ್, ಫ್ರಾನ್ಸ್, ಮೆಕ್ಸಿಕೋ, ಟೆಕ್ಸಸ್ ಗಣರಾಜ್ಯ, ಅಮೆರಿಕ, ಆರನೆಯದು ಕಾನ್ಫೆಡರೇಟ್ ರಾಜ್ಯಗಳದ್ದು. ಗುಲಾಮಗಿರಿ ಉಳಿಯಬೇಕು ಅಂತ ಅಂತರ್ಯುದ್ಧಕ್ಕೆ ಇಳಿದವರ ಬಾವುಟ ಅದು. 2017ರ ಆಗಸ್ಟ್‌ನಲ್ಲಿ ಅದನ್ನು ಇಳಿಸಿದರು, ಆರು ಕಂಬಕ್ಕೂ ಅಮೆರಿಕದ ಬಾವುಟವನ್ನೇ ಹಾಕಿದರು. ಆಗಲೂ ‘ನಮ್ಮ ಬಾಲ್ಯದ ಪಾರ್ಕು ಇದಲ್ಲ’ ಅಂದವರು ಇರುತ್ತಾರೆ. ಅವರ ಬಾಲ್ಯಕ್ಕೋಸ್ಕರ ಅದನ್ನು ಹಾರಿಸುತ್ತಲೇ ಇರಬೇಕಿತ್ತಾ?

ಚಿಕ್ಕಪ್ಪ: ಅದನ್ನು ಯಾರು ಬೇಡ ಅಂದರು. ಅದು ಬೇರೆ ವಿಷಯ.

ನಾನು: ಬೇರೆ ಅಲ್ಲ ಚಿಕ್ಕಪ್ಪ, ಇದೇ ವಿಷಯ. ಹಳೇದು ಅನ್ನುವ ಕಾರಣವೊಂದೇ ಸಾಕಾಗಿದ್ದರೆ ಆ ಬಾವುಟಕ್ಕೂ ಸಾಕಾಗಬೇಕಿತ್ತು. ಸಾಕಾಗಲಿಲ್ಲ, ಯಾಕೆಂದರೆ ಅದನ್ನು ನೋಡಿದ ಬಹಳ ಜನಕ್ಕೆ ಅದು ನೋವು ಕೊಡುತ್ತಿತ್ತು. ಇನ್ನೊಂದು ಮಾತು, ಅವರ ಲೋಗೋದಲ್ಲಿರುವ ಬಾವುಟಗಳು ಯಾವ ದೇಶದವೂ ಅಲ್ಲ, ಬರೀ ಬಣ್ಣದವು. ಅದಕ್ಕೇ ಕಂಬದ ಮೇಲಿನದು ಬದಲಾದರೂ ಲೋಗೋ ಮುಟ್ಟಬೇಕಾಗಲಿಲ್ಲ.

ಎಪ್ಕಾಟಿನಲ್ಲೂ ಇಂಥದ್ದೇ ಜಾಣತನ ಇತ್ತು. ಅಲ್ಲಿನ ಪೆವಿಲಿಯನ್‌ಗಳಿಗೆ ದುಡ್ಡು ಹಾಕುತ್ತಿದ್ದವು ದೊಡ್ಡ ಕಂಪನಿಗಳು. ‘ವರ್ಲ್ಡ್ ಆಫ್ ಮೋಷನ್’ಗೆ ಜನರಲ್ ಮೋಟಾರ್ಸ್, ‘ಹೊರೈಜನ್ಸ್’ಗೆ ಜನರಲ್ ಎಲೆಕ್ಟ್ರಿಕ್, ‘ಯೂನಿವರ್ಸ್ ಆಫ್ ಎನರ್ಜಿ’ಗೆ ಎಕ್ಸಾನ್. ಒಬ್ಬೊಬ್ಬರದೂ ಒಂದೊಂದು ಲೋಗೋ. ಅವನ್ನೇ ಬಾಗಿಲಿಗೆ ಹಾಕಿದ್ದರೆ ಪಾರ್ಕು ಜಾಹೀರಾತಿನ ಗೋಡೆ ಆಗುತ್ತಿತ್ತು. ನಾರ್ಮ್ ಇನೋಯೆ ಅನ್ನುವ ಡಿಸೈನರ್ ಬರೆದ ಗುರುತುಗಳು ಎಲ್ಲ ಒಂದೇ ಮನೆಯವು. ಒಂದೇ ವೃತ್ತ, ಒಂದೇ ಥರದ ಗೆರೆ, ಒಳಗಿನ ಆಕಾರ ಮಾತ್ರ ಬೇರೆ. 1990ರ ದಶಕದಲ್ಲಿ ‘ದಿ ಲ್ಯಾಂಡ್’ನ ಪ್ರಾಯೋಜಕರು ಕ್ರಾಫ್ಟ್ ಹೋಗಿ ನೆಸ್ಲೆ ಆದಾಗ ಪ್ರಾಯೋಜಕರ ಹೆಸರು ಬದಲಾದರೆ ಸಾಕಿತ್ತು. ಗುರುತಿಗೆ ಅವರ ಹಂಗು ಇರಲಿಲ್ಲ.

ಆಮೇಲೆ ಏನಾಯಿತು? ‘ವರ್ಲ್ಡ್ ಆಫ್ ಮೋಷನ್’ 1996ರಲ್ಲಿ ಮುಚ್ಚಿತು. ‘ಹೊರೈಜನ್ಸ್’ 1999ರಲ್ಲಿ. ಹೊಸದಾಗಿ ಬಂದ ಒಂದೊಂದಕ್ಕೂ ಸಿನಿಮಾ ಪೋಸ್ಟರಿನ ಹಾಗೆ ತನ್ನದೇ ಅಕ್ಷರ, ತನ್ನದೇ ಬಣ್ಣ. ಚಿಕ್ಕಪ್ಪ, ನಿಮ್ಮ ಪಾರ್ಕನ್ನು ಹಾಳು ಮಾಡಿದ್ದು ಹೊಸತನ ಅಲ್ಲ. ಒಂದಕ್ಕೊಂದು ಮಾತಾಡುತ್ತಿದ್ದ ಗುರುತುಗಳನ್ನು ಒಂದೊಂದಾಗಿ ಕಿತ್ತದ್ದು. 2019ರಲ್ಲಿ ಅದನ್ನು ಮತ್ತೆ ಜೋಡಿಸಲು ಹೊರಟರು. ಅದಕ್ಕೇ ನನಗೆ ಬಲಗಡೆಯವರ ಮೇಲೆ ಸಿಟ್ಟಿಲ್ಲ.

ಚಿಕ್ಕಪ್ಪ: ಹಾಗಾದರೆ ಬಳೆಗಳನ್ನೂ ವಾಪಸ್ ತರಬಹುದಿತ್ತು.

ನಾನು: ತಂದಿದ್ದಾರೆ! 2020ರ ಡಿಸೆಂಬರ್‌ನಲ್ಲಿ ಬಾಗಿಲ ಹತ್ತಿರದ ಕಾರಂಜಿಯನ್ನು ಮೊದಲಿದ್ದ ಥರವೇ ಮಾಡಿದರು. ನಡುವೆ ಮೂರು ಪಾರದರ್ಶಕ ಕಂಬ. ಆ ಕಂಬಗಳಲ್ಲೇ ನಿಮ್ಮ ಹಳೇ ಗುರುತು ಇದೆ. ನಿಮ್ಮ ಫಾರ್ವರ್ಡಿನ ಪ್ರಕಾರ ಸತ್ತುಹೋದ ಲೋಗೋ ಬಾಗಿಲಲ್ಲೇ ನಿಂತಿದೆ.

ಚಿಕ್ಕಪ್ಪ: ಇದು ನನಗೆ ಗೊತ್ತಿರಲಿಲ್ಲ. ಫೋಟೋ ಇದ್ದರೆ ಕಳಿಸು.

ಅತ್ತೆ: ಎಲ್ಲ ಓದಿದೆ. ಒಂದು ಕೇಳಲಾ? ಆ ಕಾರಂಜಿ ಜಾಗದಲ್ಲಿ ಮೊದಲು ಕಲ್ಲುಗಳಿದ್ದವಲ್ಲ, ಜನರ ಫೋಟೋ ಹಾಕಿದ್ದು. ನನ್ನ ಸ್ನೇಹಿತೆ ಒಬ್ಬಳು ಅವಳ ಅಮ್ಮನ ಜೊತೆ ಅದರಲ್ಲಿ ಫೋಟೋ ಹಾಕಿಸಿದ್ದಳು. ಅವು ಏನಾದವು?

ನಾನು: ಹೌದು ಅತ್ತೆ, ‘ಲೀವ್ ಎ ಲೆಗಸಿ’ ಅಂತ. 1999ರಲ್ಲಿ ನಿಲ್ಲಿಸಿದ ದೊಡ್ಡ ಗ್ರಾನೈಟ್ ಕಲ್ಲುಗಳು. ಅವುಗಳ ಮೇಲೆ ಚಿಕ್ಕ ಚಿಕ್ಕ ಲೋಹದ ಬಿಲ್ಲೆ, ಬಿಲ್ಲೆಯಲ್ಲಿ ಬಂದವರ ಮುಖ. ಈಗ ಆ ಫೋಟೋಗಳು ಗೇಟಿನ ಹೊರಗಡೆ ಇವೆ.

ಅತ್ತೆ: ಅಂದರೆ 1982ರವರ ನೆನಪು ಒಳಗೆ ಬರಲಿ ಅಂತ 1999ರವರ ನೆನಪನ್ನು ಹೊರಗೆ ಹಾಕಿದರು.

ಅಕ್ಕ: ನೋಡಿದಿರಾ? ನಾನು ಬೆಳಗ್ಗೆಯಿಂದ ಹೇಳುತ್ತಿರುವುದೇ ಇದು.

ನಾನು: ನಿಜ ಅತ್ತೆ. ಈ ಮಾತಿಗೆ ಸುಲಭದ ಉತ್ತರ ಇಲ್ಲ. ಹಳೇದು ಅನ್ನುವುದು ಒಂದೇ ಇಲ್ಲ. ಚಿಕ್ಕಪ್ಪನ ಹಳೇದು ಬೇರೆ, ಅಕ್ಕನದು ಬೇರೆ, ನಿಮ್ಮ ಸ್ನೇಹಿತೆಯದು ಬೇರೆ. ಅದಕ್ಕೇ ನೆನಪನ್ನು ಅಳತೆಗೋಲು ಮಾಡಿಕೊಂಡರೆ ಯಾರೋ ಒಬ್ಬರ ವಯಸ್ಸು ಗೆಲ್ಲುತ್ತೆ, ಅಷ್ಟೇ. ಆ ಜಾಗದಲ್ಲಿ ನಿಂತವರಿಗೆ ಏನು ಕಾಣಬೇಕು ಅಂತ ಮೊದಲು ಕೇಳಬೇಕು. ಗೋಳ 55 ಮೀಟರ್ ಎತ್ತರ ಇದೆ. ಒಳಗೆ ಕಾಲಿಟ್ಟ ತಕ್ಷಣ ಅದು ಪೂರ್ತಿ ಕಾಣಬೇಕು. ಕಲ್ಲುಗಳು ಆ ನೋಟಕ್ಕೆ ಅಡ್ಡ ನಿಂತಿದ್ದವು. ಅವನ್ನು ತೆಗೆದದ್ದು ಸರಿ. ಆದರೆ ಫೋಟೋಗಳನ್ನು ಎಸೆಯಲಿಲ್ಲ, ಗೇಟಿನ ಹೊರಗೆ ಉಳಿಸಿಕೊಂಡರು. ಅದು ಇನ್ನೂ ಸರಿ. ದುಡ್ಡು ಕೊಟ್ಟು ಮುಖ ಕೆತ್ತಿಸಿಕೊಂಡವರಿಗೆ ಅಷ್ಟು ಮರ್ಯಾದೆ ಕೊಡಲೇಬೇಕು.

ಅಕ್ಕ: ಮತ್ತೆ ನಮ್ಮ ಕೋಲು? ಅದಕ್ಕೆ ಮರ್ಯಾದೆ ಬೇಡವಾ?

ನಾನು: ಅಕ್ಕಾ, ನಿನ್ನ ಫೋಟೋ ಚೆನ್ನಾಗಿದೆ. ಆದರೆ ಕೋಲು ಇಳಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆ ಗೋಳಕ್ಕೆ ಹೊದಿಸಿರುವ ತ್ರಿಕೋನಗಳು 11,324. ಆ ಆಕಾರವೇ ಪಾರ್ಕಿನ ಗುರುತು. ಅದರ ಪಕ್ಕ ಅದಕ್ಕಿಂತ ಎತ್ತರದ ಬೋರ್ಡು ನಿಲ್ಲಿಸಿ ಹೆಸರು ಬರೆಯುವ ಅಗತ್ಯ ಇರಲಿಲ್ಲ. ಸಹಸ್ರಮಾನದ ಹಬ್ಬಕ್ಕೆ ಕಟ್ಟಿದ ತೋರಣವನ್ನು ಹಬ್ಬ ಮುಗಿದ ಮೇಲೂ ಆರು ವರ್ಷ ಬಿಟ್ಟಿದ್ದರು.

ಅಕ್ಕ: ನಾನಂತೂ ಒಪ್ಪಲ್ಲ. ಮಕ್ಕಳು ದೂರದಿಂದ ಕೈ ತೋರಿಸಿ ಕುಣಿದದ್ದು ಆ ಕೋಲು ನೋಡಿ, ನಿನ್ನ ತ್ರಿಕೋನ ನೋಡಿ ಅಲ್ಲ. ಅದೂ ಕೆಲಸವೇ ಅಲ್ವಾ?

ಭಾವ: ಇದಕ್ಕೆ ಉತ್ತರ ಹೇಳು ನೋಡೋಣ.

ನಾನು: ಅದು ಕೆಲಸವೇ, ಒಪ್ಪಿದೆ. ಆದರೆ ಆ ಕೆಲಸ ಮಿಕ್ಕಿಯದು. ಮಿಕ್ಕಿ ಅವರ ಎಲ್ಲ ಪಾರ್ಕಿನಲ್ಲೂ ಇದ್ದಾನೆ. ಇದು ಎಪ್ಕಾಟ್ ಅಂತ ಹೇಳುವುದು ಗೋಳ ಮಾತ್ರ.

ಅಕ್ಕ: ಮಕ್ಕಳನ್ನು ಕೇಳಿ ಸಂಜೆ ಬರೆಯುತ್ತೇನೆ. ಅಲ್ಲಿವರೆಗೂ ಈ ಚರ್ಚೆ ಮುಗಿದಿಲ್ಲ.