ಗೇಟ್‌ವೇಗೆ ‘ಅಗಸಿ’ ಅನ್ನಬಹುದಾ? ಪೋರ್ಟಿಗೆ ಏನನ್ನೋದು?

ಎಲ್ಲರಿಗೂ ನಮಸ್ಕಾರ, ಗಂಗಾವತಿಯಿಂದ ಬರೀತಿದೀನಿ. ನಮ್ಮ ಕಡೆ ರೈಸ್‌ಮಿಲ್, ಗೋಡೌನು, ಕಿರಾಣಿ ಅಂಗಡಿ ಎಲ್ಲಾ ಕಡೆ ಈಗ ಐಪಿ ಕ್ಯಾಮೆರಾ ಹಾಕಸ್ತಾರ, ಮನ್ಯಾಗ ಕುಂತು ಮೊಬೈಲ್‌ನಾಗ ನೋಡ್ಬೇಕು ಅಂತಾರ, ಅದಕ್ಕ ನೆಟ್‌ವರ್ಕ್ ಸೆಟ್ಟಿಂಗ್ ಹೆಂಗ ಮಾಡೋದು ಅಂತ ಕನ್ನಡದಾಗ ಒಂದು ಹಾಳಿ ಬರಕೊಡ್ರಿ ಅಂತ ಪರಿಚಯದ ಅಂಗಡಿಯವರು ಕೇಳ್ಯಾರ. ವೈಫೈ, ರೂಟರ್, ಪಾಸ್‌ವರ್ಡ್ ಹಂಗೇ ಬಿಟ್ಟೀನಿ. ಐಪಿ ಅಂದ್ರ ನೆಟ್‌ವರ್ಕಿನಾಗ ಒಂದೊಂದು ಸಾಧನಕ್ಕ ಇರೋ ವಿಳಾಸದ ನಂಬರ್; ಅದು ಬದಲಾಗದಂಗ ಇಟ್ಟ ಸ್ಟ್ಯಾಟಿಕ್ ಐಪಿಗೆ ‘ಖಾಯಂ ಐಪಿ’ ಅಂತ ಹಾಕೀನಿ, ‘ಸ್ಥಿರ’ಕ್ಕಿಂತ ಇಲ್ಲಿ ಲಗೂ ತಿಳೀತೈತಿ: ರೂಟರ್ ತಾನೇ ಹಂಚೋ ಐಪಿ ಕರೆಂಟ್ ಹೋಗಿ ಬಂದ ಮ್ಯಾಲೆ ಬದಲಾಗಬಹುದು, ಆಗ ರೆಕಾರ್ಡರ್ ಹಳೇ ನಂಬರಿನಾಗೇ ಕ್ಯಾಮೆರಾ ಹುಡುಕ್ತಿರ್ತೈತಿ.

ತೊಡಕಿರೋದು ಗೇಟ್‌ವೇ, ಅಂದ್ರ ನಮ್ಮ ನೆಟ್‌ವರ್ಕಿನಿಂದ ಹೊರಗ ಹೋಗೋ ದಾರಿ. ಕ್ಯಾಮೆರಾ 192.168.1.50, ರೂಟರ್ 192.168.1.1, ಸಬ್‌ನೆಟ್ ಮಾಸ್ಕ್ 255.255.255.0 ಅಂತಿಟ್ಕೊಳ್ರಿ, ಅಂದ್ರ ಮೊದಲಿನ ಮೂರು ನಂಬರ್ ಒಂದೇ ಇದ್ದವೆಲ್ಲಾ ಒಂದೇ ಊರಿನವು. ಊರೊಳಗ ಅಡ್ಡಾಡೋರಿಗೆ ಅಗಸಿ (ಊರ ಬಾಗಿಲು) ದಾಟೋ ಕೆಲಸಿಲ್ಲ, ಪರಊರಿಗೆ ಹೋಗೋರು ಅಗಸಿಯಿಂದಾನೇ ಹೋಗಬೇಕು, ಇಲ್ಲಿ ಅಗಸಿ ಅಂದ್ರ ರೂಟರ್. ಗೇಟ್‌ವೇ ಖಾನೆ ಖಾಲಿ ಬಿಟ್ರ ಅಥವಾ ತಪ್ಪು ನಂಬರ್ ಕೊಟ್ರ ಮಿಲ್ಲಿನ ಕಂಪ್ಯೂಟರಿನಾಗ ಚಿತ್ರ ಚೊಲೋ ಬರ್ತೈತಿ, ಮನಿಯಿಂದ ಮೊಬೈಲ್‌ನಾಗ ಬರಂಗಿಲ್ಲ, ಗಿರಾಕಿ ಕ್ಯಾಮೆರಾ ಕೆಟ್ಟೈತಿ ಅಂತ ಫೋನ್ ಹಚ್ತಾನ. ಅದಕ್ಕ ಈ ಪದ ಸರಿ ಕೂಡ್ತೈತಿ ಅನಸ್ತದ. ಆದ್ರ ಮೈಸೂರು ಕಡೆಯವರಿಗೆ ‘ಅಗಸಿ’ ತಿಳೀತದಾ? ನಮ್ಮಲ್ಲೇ ಅಗಸಿ ಬೀಜದ ಚಟ್ನಿ ಬ್ಯಾರೆ ಐತಿ! ‘ಹೆಬ್ಬಾಗಿಲು’ ಎಲ್ಲಾರಿಗೂ ಗೊತ್ತು, ಖರೆ, ಆದ್ರ ಅದು ಕೇಳಿದ್ರ ಕೋಟಿ, ಅರಮನಿ ನೆನಪಾಗ್ತಾವ.

ಎರಡನೇದು ಪೋರ್ಟ್, ಅಂದ್ರ ಒಂದೇ ಸಾಧನದಾಗ ಒಂದೊಂದು ಕೆಲಸಕ್ಕ ಇರೋ ನಂಬರ್. ಒಂದು ಆ್ಯಪಿನ ಕನ್ನಡ ಮೆನುದಾಗ ‘ಬಂದರು ಸಂಖ್ಯೆ’ ಅಂತ ಐತಿ, ಗಂಗಾವತ್ಯಾಗ ಎಲ್ಲಿ ಹಡಗು ನಿಲ್ಲಸ್ಬೇಕ್ರಿ? ಲ್ಯಾಟಿನ್‌ನಾಗ ಪೋರ್ಟುಸ್ ಅಂದ್ರ ಬಂದರು, ಪೋರ್ಟಾ ಅಂದ್ರ ಬಾಗಿಲು, ಇಲ್ಲಿ ಹೊಂದೋದು ಬಾಗಿಲೇ, ಆದ್ರ ಗೇಟ್‌ವೇಗೂ ಬಾಗಿಲು ಇದಕ್ಕೂ ಬಾಗಿಲು ಅಂದ್ರ ಓದೋರು ಕಕ್ಕಾಬಿಕ್ಕಿ. ‘ಕಿಂಡಿ’ ಹೆಂಗ? ವೆಬ್ ಪೇಜಿಗೆ ಸಾಮಾನ್ಯವಾಗಿ 80ನೇ ಕಿಂಡಿ, ಆರ್‌ಟಿಎಸ್‌ಪಿ (ಕ್ಯಾಮೆರಾದ ಲೈವ್ ವಿಡಿಯೋ ಕಳಿಸೋ ಪದ್ಧತಿ) ವಿಡಿಯೋಕ್ಕ 554ನೇ ಕಿಂಡಿ. ಹೊರಗಿಂದ 554ಕ್ಕ ಬಂದದ್ದನ್ನ ರೂಟರ್ ನಮ್ಮ ಕ್ಯಾಮೆರಾಕ್ಕ ಕಳಿಸೋದು ಪೋರ್ಟ್ ಫಾರ್ವರ್ಡಿಂಗ್, ಅದಕ್ಕ ‘ಕಿಂಡಿ ದಾಟಿಸೋದು’ ಅಂತ ಬರದೀನಿ, ‘ರವಾನೆ’ ಅಂದ್ರ ಲಾರಿ ಆಫೀಸ್ ಆಗ್ತೈತಿ. (ಕ್ಯಾಮೆರಾದ ಪಾಸ್‌ವರ್ಡ್ ಕಂಪನಿ ಕೊಟ್ಟಿದ್ದೇ ಇಟ್ಕೊಂಡು ಕಿಂಡಿ ತೆಗೀಬ್ಯಾಡ್ರಿ ಅಂತ ದಪ್ಪ ಅಕ್ಷರದಾಗ ಹಾಕ್ತೀನಿ, ಅದು ಪದಚರ್ಚೆ ಅಲ್ಲ ಬಿಡ್ರಿ.)

ಇನ್ನ ಪಬ್ಲಿಕ್ ಐಪಿ, ಅಂದ್ರ ಇಂಟರ್ನೆಟ್‌ನಾಗ ಹೊರಗಿನವರಿಗೆ ಕಾಣೋ ನಮ್ಮ ವಿಳಾಸ. ‘ಸಾರ್ವಜನಿಕ ಐಪಿ’ ಅಂದ್ರ ಮಿಲ್ ಸಾಹುಕಾರ್ರು ಹೌಹಾರ್ತಾರ, ನಮ್ಮ ಕ್ಯಾಮೆರಾ ಮಂದೆಲ್ಲಾ ನೋಡ್ತಾರೇನು ಅಂತ. ‘ಹೊರಗಿನ ಐಪಿ’ ಅಂದ್ರ ಸಾಕಾಗ್ತದಾ? ಆದ್ರ ಭಾಳ ಕನೆಕ್ಷನ್ನಿನಾಗ ಒಂದೇ ಹೊರಗಿನ ಐಪಿ ಹತ್ತಾರು ಗಿರಾಕಿಗೆ ಹಂಚಿರ್ತಾರ, ರೂಟರಿನ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ಕಡೆಯಿಂದ ರೂಟರಿಗೆ ಬಂದ ಐಪಿ) 100.64ರಿಂದ 100.127ರ ಒಳಗಿದ್ರ ಹಂಗ ಐತಿ ಅಂತ ತಿಳೀಬಹುದು, ಅಲ್ಲಿ ಎಷ್ಟು ಕಿಂಡಿ ದಾಟಿಸಿದ್ರೂ ನಡ್ಯಂಗಿಲ್ಲ. ಹಿಂಗ ಹಂಚಿಕೊಂಡಿದ್ದಕ್ಕ ‘ಪಾಲಿನ ಐಪಿ’, ಒಬ್ಬರಿಗೇ ಇದ್ದದ್ದಕ್ಕ ‘ಸ್ವಂತ ಐಪಿ’ ಅನ್ನೋಣಾ ಅಂತ ವಿಚಾರ ಐತಿ.

ರಾಯಚೂರು, ಬಳ್ಳಾರಿ ಕಡೆ ಕ್ಯಾಮೆರಾ ಕೂಡ್ಸೋರು ಯಾರರ ಇಲ್ಲಿದ್ರ, ಗಿರಾಕಿಗೆ ಗೇಟ್‌ವೇ, ಪೋರ್ಟ್ ಹೆಂಗ ತಿಳಿಸಿ ಹೇಳ್ತೀರಿ ತಿಳಸ್ರಿ. ಹಾಳಿ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ.