ಕರುಳಿಗೆ ಉರಿಯೂತವೋ, ನಂಜೋ, ಬಾವೋ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ತುಮಕೂರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕ್ರೋನ್ಸ್ ಅನ್ನುವ ಕರುಳಿನ ಕಾಯಿಲೆ ಇರುವವರ ಮನೆಯವರು ರಿಪೋರ್ಟ್ ಹಿಡಿದು ಬಂದು ಅರ್ಥ ಕೇಳುತ್ತಾರೆ. ಅವರಿಗಾಗಿ ಕನ್ನಡದಲ್ಲಿ ಒಂದು ಪುಟದ ವಿವರಣೆ ಬರೆಯುತ್ತಿದ್ದೇನೆ. ಎರಡು ಕಡೆ ಪದ ಸಿಗದೆ ಕೆಲಸ ನಿಂತಿದೆ.

ಮೊದಲನೆಯದು ಇನ್‌ಫ್ಲಮೇಶನ್. ಪಠ್ಯಪುಸ್ತಕದಲ್ಲೂ ಪತ್ರಿಕೆಯಲ್ಲೂ ‘ಉರಿಯೂತ’ ಅಂತ ಇರುತ್ತದೆ. ಮೊಣಕಾಲಿಗೆ, ಗಾಯಕ್ಕೆ ಈ ಪದ ಚೆನ್ನಾಗಿ ಹೊಂದುತ್ತದೆ. ಊದಿಕೊಂಡಿರುವುದು ಕಾಣುತ್ತದೆ, ಮುಟ್ಟಿದರೆ ಬಿಸಿ. ಕ್ರೋನ್ಸ್‌ನಲ್ಲಿ ಇದು ಆಗುವುದು ಕರುಳಿನ ಗೋಡೆಯೊಳಗೆ, ಹೆಚ್ಚಾಗಿ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಮಧುಗಿರಿ ಕಡೆಯ ತಾಯಿಯೊಬ್ಬರು ನನ್ನ ಕರಡು ಓದಿ, “ನಮ್ಮ ಹುಡುಗನಿಗೆ ಉರಿ ಇಲ್ಲ, ಊತಾನೂ ಇಲ್ಲ ಕಣಪ್ಪ. ನೋವು, ಭೇದಿ ಅಷ್ಟೆ. ಇದು ಬೇರೆ ಕಾಯಿಲೆ ಇರಬೇಕು” ಅಂದರು. ಅವರು ಪದವನ್ನು ಬಿಡಿಸಿ ಓದಿದ್ದು ಸರಿಯಾಗಿಯೇ ಇದೆ, ಅಲ್ವಾ?

ನಮ್ಮ ಕಡೆ ಬಾಯಿಗೆ ಮೊದಲು ಬರುವುದು ‘ನಂಜು’. ಗಾಯ ನಂಜಾಗಿದೆ ಅಂತೀವಿ, ಬದನೆಕಾಯಿ ನಂಜು ಅಂತೀವಿ. ಆದರೆ ಇಲ್ಲಿ ಈ ಪದ ಬೇಡವೇ ಬೇಡ ಅಂತ ನನಗೆ ಅನಿಸುತ್ತದೆ. ನಂಜು ಅಂದರೆ ಹೊರಗಿಂದ ಒಳಗೆ ಸೇರಿದ್ದು. ಕ್ರೋನ್ಸ್‌ನಲ್ಲಿ ದೇಹದ ಕಾಯುವ ಶಕ್ತಿಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಸ್ಟೀರಾಯ್ಡ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಮದ್ದು ಕೊಡುವುದು ಆ ಶಕ್ತಿಯನ್ನು ತಗ್ಗಿಸಲು. ನಂಜು ಅಂತ ಬರೆದರೆ ಮನೆಯವರು ಪಥ್ಯ ಶುರು ಮಾಡುತ್ತಾರೆ. ಮೊದಲೇ ತೂಕ ಇಳಿದ ಮಕ್ಕಳು ಇನ್ನೂ ಸೊರಗುತ್ತಾರೆ. ಜೊತೆಗೆ ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ನೋಡಲು ಹೀಗೇ ಇರುತ್ತದೆ. ಕ್ಷಯ ಇದ್ದವರಿಗೆ ಈ ಮದ್ದು ಕೊಟ್ಟರೆ ಕ್ಷಯ ಜಾಸ್ತಿ ಆಗುತ್ತದೆ. ಅದಕ್ಕೇ ಡಾಕ್ಟರು ಮೊದಲು ಅದಲ್ಲ ಅಂತ ನೋಡಿಕೊಳ್ಳುತ್ತಾರೆ. ಸೋಂಕಿಗೂ ಇದಕ್ಕೂ ಒಂದೇ ಪದ ಬಳಸಬಾರದು.

ಉಳಿದದ್ದು ‘ಬಾವು’. ಹಸು ಕಟ್ಟಿದವರಿಗೆಲ್ಲ ಕೆಚ್ಚಲು ಬಾವು ಗೊತ್ತು. ಅದೇ ಜಾಡಿನಲ್ಲಿ ‘ಕರುಳು ಬಾವು’ ಅಂದರೆ ತಕ್ಷಣ ತಿಳಿಯುತ್ತದೆ. ಒಂದೇ ತೊಡಕು: ಬಾವು ಅಂದರೆ ಕೆಲವರಿಗೆ ಕೀವು ಕಟ್ಟಿದ್ದು. ಕ್ರೋನ್ಸ್‌ನಲ್ಲಿ ನಿಜವಾಗಿಯೂ ಕೀವು ಕಟ್ಟುವುದುಂಟು. ಅದಕ್ಕೆ ‘ಕೀವುಗಡ್ಡೆ’ ಅಂತ ಬೇರೆ ಬರೆದರೆ ಸಾಕಾಗಬಹುದು.

ಎರಡನೆಯದು ಮದ್ದಿನ ಮಾತು. ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಅಂದರೆ ಐಸಿಯು ಸುದ್ದಿ ಓದಿದ ಹಾಗಾಗುತ್ತದೆ. ನಮ್ಮಲ್ಲಿ ಎರಡು ಒಳ್ಳೆಯ ಮಾತಿವೆ. ಮದ್ದು ‘ಒಗ್ಗಿತು’ ಅಂದರೆ ಮೈಗೆ ತೊಂದರೆ ಮಾಡಲಿಲ್ಲ. ಮದ್ದು ‘ನಾಟಿತು’ ಅಂದರೆ ಕಾಯಿಲೆಗೆ ತಾಗಿತು. ಇವೆರಡೂ ಬೇಕು. ಇನ್‌ಫ್ಲಿಕ್ಸಿಮ್ಯಾಬ್ ಕೆಲವರಿಗೆ ಒಗ್ಗುವುದಿಲ್ಲ, ಡ್ರಿಪ್ ಹಾಕಿದಾಗಲೇ ಅಲರ್ಜಿ ಆಗುತ್ತದೆ. ಇನ್ನು ಕೆಲವರಿಗೆ ಒಗ್ಗಿ, ನಾಟಿ, ಆಮೇಲೆ ನಾಟುವುದು ನಿಲ್ಲುತ್ತದೆ.

ಆದರೆ ರಿಪೋರ್ಟ್ ನೋಡಿ ‘ನಾಟಿದೆ’ ಅಂತ ಬರೆಯಲು ನನಗೆ ಧೈರ್ಯ ಇಲ್ಲ. ಸಿಆರ್‌ಪಿ ಅನ್ನುವುದು ಇನ್‌ಫ್ಲಮೇಶನ್ ಆದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್. ಅದನ್ನು ಲಿವರ್ ಮಾಡುತ್ತದೆ. ಕೆರಳಿಸಿದ ಕಾರಣ ನಿಂತರೆ ಸುಮಾರು 19 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಬದಲಾವಣೆ ಬೇಗ ಕಾಣುತ್ತದೆ. ಆದರೆ ನ್ಯುಮೋನಿಯಾ ಬಂದರೂ ಅದು ಏರುತ್ತದೆ. ಕಾಯಿಲೆ ಜೋರಾಗಿದ್ದರೂ ಸಿಆರ್‌ಪಿ ಏರದ ರೋಗಿಗಳೂ ಇದ್ದಾರೆ. ಅದಕ್ಕೇ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನ ಇನ್‌ಫ್ಲಮೇಶನ್‌ನಲ್ಲಿ ಏರುವ ಪ್ರೋಟೀನ್) ನೋಡುತ್ತಾರೆ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳು ನೋಡುವುದು) ಮಾಡುತ್ತಾರೆ. ಹಾಗಾಗಿ ಸಿಆರ್‌ಪಿಯಂಥ ಮಾರ್ಕರ್‌ಗೆ ‘ಸೂಚಕ’ ಬಿಟ್ಟು ‘ಕುರುಹು’ ಅಂತ ಹಾಕಿದ್ದೇನೆ. ಏನೋ ಆಗಿದೆ ಅನ್ನುತ್ತದೆ, ಇದೇ ಆಗಿದೆ ಅನ್ನುವುದಿಲ್ಲ.

ಇನ್‌ಫ್ಲಮೇಶನ್‌ಗೆ ಮಾಡುವ ಇನ್ನೊಂದು ರಕ್ತಪರೀಕ್ಷೆ ಇಎಸ್‌ಆರ್. ಅದರಲ್ಲಿ ಇನ್ನೊಂದು ಗೊಂದಲ ಇದೆ. ನಳಿಕೆಯಲ್ಲಿ ಕೆಂಪು ಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಅನ್ನುವುದೇ ಆ ಅಂಕಿ. ಮೇಲೆ ತಿಳಿ ಹಳದಿ ನೀರು ಉಳಿಯುತ್ತದೆ. ಅಂದರೆ ಜಾಸ್ತಿ ಇಳಿದಷ್ಟೂ ಅಂಕಿ ಏರುತ್ತದೆ! ‘ಇಎಸ್‌ಆರ್ ಇಳಿದಿದೆ’ ಅಂದರೆ ಕಣ ಇಳಿದದ್ದೋ, ಅಂಕಿ ಇಳಿದದ್ದೋ? ಸದ್ಯಕ್ಕೆ ಕಣಕ್ಕೆ ‘ಕೂರು’, ಅಂಕಿಗೆ ‘ತಗ್ಗು’ ಅಂತ ಇಟ್ಟುಕೊಂಡಿದ್ದೇನೆ.

ಮುಳಬಾಗಿಲು, ಚಿಂತಾಮಣಿ, ಬಾಗೇಪಲ್ಲಿ ಕಡೆಯವರು ದಯವಿಟ್ಟು ತಿಳಿಸಿ. ಮದ್ದು ‘ನಾಟಿತು’ ಅಂತ ನಿಮ್ಮಲ್ಲೂ ಹೇಳುತ್ತೀರಾ? ‘ಕರುಳು ಬಾವು’ ಅಂದ ಕೂಡಲೇ ನಿಮ್ಮ ಮನೆಯ ಹಿರಿಯರಿಗೆ ಕೀವು ನೆನಪಾಗುತ್ತದೆಯೇ? ಕೇಳಿ ನೋಡಿ ಬರೆಯಿರಿ.