ಶಿವಮೊಗ್ಗದ ಹಳೆಯ ಚರ್ಚು, ಹಳೆಯ ಕಟ್ಟಡಗಳು: ಅಪ್ಪನ ಜೊತೆ ಎರಡು ದಿನ, ಏನೇನು ನೋಡಬಹುದು?

ತುಮಕೂರಿನಿಂದ:

ಡಿಸೆಂಬರ್ ಕೊನೆಯ ವಾರ ಅಪ್ಪನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವರು 1970ರ ಆಸುಪಾಸಿನಲ್ಲಿ ಸಹ್ಯಾದ್ರಿ ಕಾಲೇಜಿನಲ್ಲಿ ಓದಿದವರು, ಆಮೇಲೆ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಈಗ ಮಂಡಿನೋವು. ಹತ್ತಿಪ್ಪತ್ತು ಮೆಟ್ಟಿಲು ಹತ್ತುತ್ತಾರೆ, ಬೆಟ್ಟಗಿಟ್ಟ ಆಗುವುದಿಲ್ಲ. ಊರ ನಡುವೆಯೇ ಬ್ರಿಟಿಷರ ಕಾಲದ ದೊಡ್ಡ ಚರ್ಚೊಂದಿದೆ ಎಂದು ಎಲ್ಲೋ ಓದಿದೆ. ಅಪ್ಪನಿಗೆ ಹೇಳಿದರೆ "ನಾನು ಓದುವಾಗ ಅಂಥದ್ದು ಇರಲೇ ಇಲ್ಲವಲ್ಲೋ" ಅನ್ನುತ್ತಾರೆ. ಹಾಸನದ ಕಡೆಯ ನೀರಲ್ಲಿ ಮುಳುಗುವ ಚರ್ಚನ್ನೂ ಸೇರಿಸಿಕೊಳ್ಳಬಹುದೇ? ಹೋಗಿ ಬಂದವರು, ಅಲ್ಲಿಯೇ ಇರುವವರು ದಯವಿಟ್ಟು ಹೇಳಿ.

ಶಿವಮೊಗ್ಗ, ದುರ್ಗಿಗುಡಿಯಿಂದ:

ನಿಮ್ಮ ತಂದೆಯವರ ನೆನಪೇ ಸರಿ. ಬಿ.ಎಚ್. ರಸ್ತೆಯಲ್ಲಿರುವ ಪವಿತ್ರ ಹೃದಯ ದೇವಾಲಯವನ್ನು ನೋಡಿದವರೆಲ್ಲ ಬ್ರಿಟಿಷರು ಕಟ್ಟಿದ್ದು ಅಂದುಕೊಳ್ಳುತ್ತಾರೆ. ಆದರೆ ಈಗಿನ ಕಟ್ಟಡ 1990ರ ದಶಕದ್ದು. ಶಿವಮೊಗ್ಗ ಪ್ರತ್ಯೇಕ ಕಥೋಲಿಕ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಪ್ರಾಂತ) ಆದದ್ದೇ 1988ರಲ್ಲಿ. ಗೋಥಿಕ್ ಮತ್ತು ರೋಮನ್ ಶೈಲಿ ಬೆರೆಸಿ ಕಟ್ಟಿರುವುದರಿಂದ ಕಣ್ಣಿಗೆ ಹಳೆಯದರಂತೆ ಕಾಣುತ್ತದೆ. ಸುಮಾರು 18,000 ಚದರಡಿ ಅನ್ನುತ್ತಾರೆ, ದೇಶದಲ್ಲಿ ಎರಡನೆಯ ದೊಡ್ಡ ಚರ್ಚು ಅನ್ನುವ ಮಾತೂ ಊರಲ್ಲಿದೆ.

ಹಳೆಯದಲ್ಲ ಅಂತ ಬಿಟ್ಟುಬಿಡಬೇಡಿ. ನಾನು ಈ ಊರಿನಲ್ಲಿ ಹುಟ್ಟಿ ಬೆಳೆದವಳು, ಕ್ರೈಸ್ತಳಲ್ಲ, ಆದರೂ ಪ್ರತಿ ಕ್ರಿಸ್‌ಮಸ್‌ಗೆ ಮಕ್ಕಳ ಜೊತೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೋಡಲು ಹೋಗುತ್ತೇನೆ. ಅರ್ಧ ಊರೇ ಅಲ್ಲಿರುತ್ತದೆ. ನಿಮ್ಮ ತಂದೆಯವರಿಗೆ ಆ ನೂಕುನುಗ್ಗಲು ಆಗಲಿಕ್ಕಿಲ್ಲ, 24ರ ರಾತ್ರಿ ಮತ್ತು 25 ಬಿಟ್ಟು ಮಾರನೆಯ ದಿನ ಬೆಳಗ್ಗೆ ಹೋಗಿ. ಬಲಿಪೂಜೆ, ಅಂದರೆ ಚರ್ಚಿನ ಆರಾಧನೆ, ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರಿ, ಮುಗಿದ ಮೇಲೆ ಎದ್ದು ಸುತ್ತಾಡಿ. ಪೂಜೆಯ ಹೊತ್ತಿನಲ್ಲಿ ಫೋಟೋ ಬೇಡ. ಖಾಲಿ ಇದ್ದಾಗ ಅಲ್ಲಿದ್ದವರನ್ನು ಒಂದು ಮಾತು ಕೇಳಿ ತೆಗೆಯಿರಿ.

ಅಲ್ಲಿಂದ ಕೋಟೆ ಕಡೆ ಹೋಗಿ, ತುಂಗೆಯ ದಡದಲ್ಲೇ ಕೆಳದಿಯ ದೊರೆ ಶಿವಪ್ಪ ನಾಯಕರ ಅರಮನೆ, ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಸೋಮವಾರ ಇಟ್ಟುಕೊಳ್ಳಬೇಡಿ, ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಅಂದು ರಜೆ.

ತೀರ್ಥಹಳ್ಳಿಯಿಂದ:

ಚರಿತ್ರೆ ಮೇಷ್ಟ್ರನ್ನು ಕರೆದುಕೊಂಡು ಬರುತ್ತಿದ್ದೀರಿ ಅಂದಮೇಲೆ ಇದನ್ನು ಹೇಳಲೇಬೇಕು. ಬ್ರಿಟಿಷರ ಕಾಲದ್ದು ಅಂತ ಹುಡುಕಿಕೊಂಡು ಬಂದವರಿಗೆ ಶಿವಮೊಗ್ಗದಲ್ಲಿ ಬೆಂಗಳೂರಿನ ದಂಡು ಪ್ರದೇಶದ ಹಾಗೆ ಬೀದಿಬೀದಿಗೆ ಬಂಗಲೆ ಸಿಗುವುದಿಲ್ಲ. ಆದರೆ ಬ್ರಿಟಿಷರು ಇಡೀ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡದ್ದಕ್ಕೆ ಈ ನಮ್ಮ ಸೀಮೆಯೇ ಕಾರಣ. 1830-31ರಲ್ಲಿ ಕಂದಾಯದ ಕಾಟ ತಾಳಲಾರದೆ ರೈತರು ಎದ್ದ ನಗರ ದಂಗೆಯನ್ನು ನೆಪ ಮಾಡಿಕೊಂಡು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಅಧಿಕಾರ ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ, ತಿರುಗಿ ಕೊಟ್ಟದ್ದು 1881ರಲ್ಲಿ. ಆ ಕಾಲದಲ್ಲಿ ನಗರ ವಿಭಾಗದ ಕೇಂದ್ರ ಶಿವಮೊಗ್ಗವಾಗಿತ್ತು. ರೈಲು ಬಂದದ್ದು ಅದಾದ ಮೇಲೆ, ಬೀರೂರಿನಿಂದ 1899ರಲ್ಲಿ.

ಆ "ನಗರ" ಅಂದರೆ ಹೊಸನಗರ ತಾಲೂಕಿನ ಈಗಿನ ಪುಟ್ಟ ಊರು, ಹಿಂದಿನ ಬಿದನೂರು. ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಹಿಡಿದ. 1783ರಲ್ಲಿ ಬ್ರಿಟಿಷರ ಜನರಲ್ ಮ್ಯಾಥ್ಯೂಸ್ ಬಂದು ಕೋಟೆ ವಶ ಮಾಡಿಕೊಂಡ, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಗೆದ್ದು ಅವನನ್ನು ಸೆರೆ ಒಯ್ದ. ಈಗ ಆ ಕೋಟೆಯ ಮೇಲೆ ನಿಂತರೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಾನು ವರ್ಷಕ್ಕೊಮ್ಮೆಯಾದರೂ ಹೋಗಿ ಕೂತು ಬರುತ್ತೇನೆ.

ಶಿವಮೊಗ್ಗದ ಅರಮನೆಯ ಬಗ್ಗೆ ಒಂದು ಮಾತು. ಹೆಸರು ಶಿವಪ್ಪ ನಾಯಕರದ್ದು (ಆಳಿದ್ದು 1645ರಿಂದ 1660), ಆದರೆ ಈಗ ನಿಂತಿರುವ ಕಟ್ಟಡ ಹೈದರಾಲಿಯ ಕಾಲದ್ದು ಎನ್ನುವ ವಿದ್ವಾಂಸರಿದ್ದಾರೆ. ಯಾರು ಕಟ್ಟಿಸಿದ್ದಾದರೂ ಆ ಮರದ ಕಂಬಗಳನ್ನು ನೋಡಬೇಕು. ದರ್ಬಾರು ಅಂಗಳದಲ್ಲಿ ನಿಂತು ಮೇಲಿನ ಮಹಡಿಯ ಕಡೆ ತಲೆ ಎತ್ತಿದರೆ ಮಲೆನಾಡಿನ ದೊಡ್ಡ ತೊಟ್ಟಿಮನೆಯೊಂದು ಅರಮನೆಯಾಗಿ ಬೆಳೆದಂತೆ ಕಾಣುತ್ತದೆ. ಹೊರಗೆ ತೋಟದಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳಿವೆ. ಹೆಚ್ಚಿನವರು ಅವುಗಳ ಮುಂದೆ ಸೆಲ್ಫಿ ತೆಗೆದು ಹೊರಟುಬಿಡುತ್ತಾರೆ, ನೋಡಿ ಸಂಕಟವಾಗುತ್ತದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಶಿವನ ಸನ್ನಿಧಿಯಲ್ಲಿ. ನಿಮ್ಮ ತಂದೆಯವರಿಗೆ ಗೊತ್ತೇ ಇರುತ್ತದೆ, ಅವರ ಬಾಯಲ್ಲಿ ನೀವು ಕೇಳಿ. ಅಲ್ಲಿಗೆ ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಕವಲೇದುರ್ಗದ ಬೆಟ್ಟದ ಕೋಟೆ ಮಾತ್ರ ಈ ಸಲ ಬೇಡ. ಗದ್ದೆ ದಾಟಿ ಕಲ್ಲುಹಾಸಿನ ಮೇಲೆ ಏರಬೇಕು, ಮಂಡಿಗೆ ಆಗುವುದಿಲ್ಲ.

ಹಾಸನದಿಂದ:

ನೀವು ಕೇಳಿದ ಮುಳುಗುವ ಚರ್ಚು, ಅಂದರೆ ಶೆಟ್ಟಿಹಳ್ಳಿ ಚರ್ಚಿನ ವಿಷಯದಲ್ಲಿ ಒಂದು ಎಚ್ಚರಿಕೆ. ಶಿವಮೊಗ್ಗದ ಪಕ್ಕದಲ್ಲೂ ಶೆಟ್ಟಿಹಳ್ಳಿ ಎಂಬ ವನ್ಯಜೀವಿ ಅಭಯಾರಣ್ಯವಿದೆ. ನಮ್ಮ ಬಂಧುಗಳು ಮೊಬೈಲಿನ ದಾರಿ ನಂಬಿಕೊಂಡು ಚರ್ಚು ಹುಡುಕುತ್ತಾ ಆ ಕಾಡಿನ ಕಡೆ ಹೋಗಿ, ಅರ್ಧ ದಿನ ಕಳೆದುಕೊಂಡು ಬಂದರು. ಚರ್ಚಿರುವ ಶೆಟ್ಟಿಹಳ್ಳಿ ನಮ್ಮ ಹಾಸನ ಜಿಲ್ಲೆಯದ್ದು, ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಅಣೆಕಟ್ಟು ಬಂದ ಮೇಲೆ ಊರು ಒಕ್ಕಲೆದ್ದಿತು, ಚರ್ಚು ಉಳಿಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಹೊರಗೆ ಬರುತ್ತದೆ.

ನಿಮ್ಮ ಎರಡು ದಿನದಲ್ಲಿ ಅದನ್ನು ತುರುಕಬೇಡಿ. ಇನ್ನೊಮ್ಮೆ ಬೇಸಿಗೆಯಲ್ಲಿ ಹಾಸನಕ್ಕೇ ಅಂತ ಬನ್ನಿ. ಬಂದಾಗ ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ನಿಲ್ಲಬೇಡಿ. ವರ್ಷಾವರ್ಷ ನೆನೆದು ಒಣಗಿದ ಗಾರೆ ಅದು, ಹಿಡಿತ ಸಡಿಲಾಗಿದೆ. ಹೆಸರು ಕೆತ್ತಿದ ಗೋಡೆಗಳನ್ನು ನೋಡಿದಾಗಲಂತೂ ಅಲ್ಲಿಂದ ಎದ್ದು ಹೋದ ಮನೆಗಳವರು ನೆನಪಾಗುತ್ತಾರೆ, ಅವರ ಮದುವೆ, ನಾಮಕರಣ ಎಲ್ಲ ಅಲ್ಲೇ ನಡೆದದ್ದು.

ಸಾಗರದಿಂದ:

ಎರಡನೆಯ ದಿನಕ್ಕೆ ನಮ್ಮಲ್ಲಿಗೆ ಬನ್ನಿ. ಶಿವಮೊಗ್ಗದಿಂದ ಸುಮಾರು 70 ಕಿಲೋಮೀಟರ್, ತಾಳಗುಪ್ಪ ರೈಲಿನಲ್ಲೂ ಬರಬಹುದು. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ, ಕೆಳದಿಯ ರಾಮೇಶ್ವರ ದೇವಸ್ಥಾನ ಎರಡೂ ಊರಿಗೆ ಹತ್ತಿರ, ಆಟೋದವರನ್ನು ಮಾತಾಡಿಸಿಕೊಂಡರೆ ಎರಡಕ್ಕೂ ಬರುತ್ತಾರೆ. ಇಕ್ಕೇರಿಯ ನೆಲದ ಮೇಲೆ ಸಾಷ್ಟಾಂಗ ಮಲಗಿದ ಮೂವರು ಕೆಳದಿ ನಾಯಕರ ಉಬ್ಬುಚಿತ್ರಗಳಿವೆ, ತುಳಿದುಕೊಂಡು ಹೋಗದಂತೆ ನೋಡಿಕೊಳ್ಳಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ದೊರೆ ವೆಂಕಟಪ್ಪ ನಾಯಕನನ್ನು ಕಾಣಲು ಬಂದದ್ದು ಈ ಇಕ್ಕೇರಿಗೇ.

ಚರ್ಚಿನ ಮಾತಿನಲ್ಲಿ ಶುರುವಾಯಿತಲ್ಲ, ಅದಕ್ಕೆ ಇದನ್ನೂ ಸೇರಿಸುತ್ತೇನೆ. ಮಿರ್ಜಾನ್, ಹೊನ್ನಾವರ, ಚಂದಾವರ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಒಪ್ಪಿಗೆ ಕೊಟ್ಟವಳು ನಮ್ಮ ಕೆಳದಿಯ ರಾಣಿ ಚೆನ್ನಮ್ಮ. ಔರಂಗಜೇಬನಿಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳೂ ಅವಳೇ. ಕೆಳದಿಯಲ್ಲಿ ತಾಳೆಗರಿಗಳಿರುವ ವಸ್ತುಸಂಗ್ರಹಾಲಯವಿದೆ, ನಿಮ್ಮ ತಂದೆಯವರು ಅಲ್ಲಿಂದ ಏಳಲು ಒಪ್ಪದಿದ್ದರೆ ಅವಸರ ಮಾಡಬೇಡಿ.

ಶಿಕಾರಿಪುರದಿಂದ:

ಬ್ರಿಟಿಷರ ಕಾಲದ ಗುರುತು ಅಂದರೆ ಕಟ್ಟಡವೇ ಆಗಬೇಕೇ? ನಮ್ಮ ತಾಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಎಂದು ಸಾರಿಕೊಂಡ ಹಳ್ಳಿ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಮಾತು ಅಲ್ಲಿಯದೇ. ಮರುವರ್ಷ ಐವರನ್ನು ಗಲ್ಲಿಗೇರಿಸಿದರು. ಹುತಾತ್ಮರ ಸ್ಮಾರಕ ಊರಿನಲ್ಲೇ ಇದೆ, ಹತ್ತುವಂಥದ್ದೇನಿಲ್ಲ. ಹಿರಿಯರು ಸಿಕ್ಕರೆ ಮಾತಾಡಿಸಿ.

ತುಮಕೂರಿನಿಂದ, ಹೋಗಿ ಬಂದ ಮೇಲೆ:

ಎಲ್ಲರಿಗೂ ಕೈಮುಗಿಯುತ್ತೇನೆ. 27ರ ಬೆಳಗ್ಗೆ ಚರ್ಚು. ಒಳಗೆ ನಾಲ್ಕೈದು ಜನ ಮಾತ್ರ ಇದ್ದರು. ಗೋದಲಿ ಇನ್ನೂ ಬಿಚ್ಚಿರಲಿಲ್ಲ, ಅದಕ್ಕೆ ನಿಜವಾದ ಭತ್ತದ ಹುಲ್ಲು ಹಾಕಿದ್ದರು. ಅಪ್ಪ ಅರ್ಧ ಗಂಟೆ ಕೂತಿದ್ದು, "ನಾನು ಸೈಕಲ್ಲಿನಲ್ಲಿ ಇದೇ ರಸ್ತೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದೆ, ಆಗ ಈ ಗೋಪುರ ಇದ್ದಿದ್ದರೆ ಮರೆಯುತ್ತಿದ್ದೆನೇ" ಅಂದರು. ಅರಮನೆಯಲ್ಲಿ ಎರಡು ಗಂಟೆಯಾಯಿತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿ ಹೇಳುತ್ತಿದ್ದಾಗ ಯಾವುದೋ ಶಾಲೆಯ ಮಕ್ಕಳು ಸುತ್ತ ಸೇರಿಬಿಟ್ಟರು, ಅಪ್ಪನಿಗೆ ಹಳೆಯ ಗಂಟಲು ಬಂತು.

ಸಂಜೆ ಯಾರೂ ಹೇಳದಿದ್ದ ಕೂಡ್ಲಿಗೆ ಅವರೇ ಕರೆದುಕೊಂಡು ಹೋದರು. ತುಂಗೆ, ಭದ್ರೆ ಸೇರುವ ಜಾಗ, ಊರಿಂದ ಹದಿನೈದು ಹದಿನಾರು ಕಿಲೋಮೀಟರ್, ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನವೂ ಇದೆ. ಮಂಡಿನೋವು ಇರುವವರನ್ನು ಧಾರಾಳವಾಗಿ ಕರೆದುಕೊಂಡು ಹೋಗಬಹುದು, ನೀರಿನ ಹತ್ತಿರದ ಮೆಟ್ಟಿಲುಗಳಲ್ಲಿ ಮಾತ್ರ ಕೈ ಹಿಡಿದುಕೊಳ್ಳಿ. ಮರುದಿನ ಇಕ್ಕೇರಿ, ಕೆಳದಿ ಆಯಿತು. ಈಸೂರಿಗೆ ಹೊತ್ತು ಸಾಲಲಿಲ್ಲ.

ಅಪ್ಪ ಈಗ ನಗರದ ಕೋಟೆಗೆ ಹಟ ಹಿಡಿದಿದ್ದಾರೆ. ಕೋಟೆ ಬಾಗಿಲಿಂದ ಮೇಲಕ್ಕೆ ಏರು ಎಷ್ಟಿದೆ, ನಡುವೆ ಕೂರಲು ನೆರಳಿದೆಯೇ? ತೀರ್ಥಹಳ್ಳಿಯವರು ಹೇಳಿದರೆ ಫೆಬ್ರವರಿಯಲ್ಲಿ ಹೊರಡುತ್ತೇವೆ.